ಮಗನ ರೂಮಿನ ಚಿಲಕ ಬಿಚ್ಚಿದ ಮೇಲೆ

ಆರು ಸ್ಕ್ರೂ. ಬಾಗಿಲಿಗೆ ನಾಲ್ಕು, ಚೌಕಟ್ಟಿಗೆ ಎರಡು. ಬಿಚ್ಚೋಕೆ ಐದು ನಿಮಿಷವೂ ಬೇಕಾಗಲಿಲ್ಲ. ಮನೆಯಲ್ಲಿ ಇದಕ್ಕೆ ಚಿಲಕ ಅನ್ನುತ್ತಾರೆ, ಅಂಗಡಿಯಲ್ಲಿ ನಾವು ಟವರ್ ಬೋಲ್ಟ್ ಅನ್ನುತ್ತೇವೆ. ಶಿವಮೊಗ್ಗದಲ್ಲಿ 22 ವರ್ಷದಿಂದ ನನ್ನದು ಹಾರ್ಡ್‌ವೇರ್ ಮತ್ತು ಎಲೆಕ್ಟ್ರಿಕಲ್ ಅಂಗಡಿ. ಇಂಥ ಬೋಲ್ಟ್ ಸಾವಿರಗಟ್ಟಲೆ ಮಾರಿದ್ದೇನೆ. ಯಾರದೇ ಮನೆಯಿಂದ ಬಿಚ್ಚಿಕೊಂಡು ಬಂದಿದ್ದು ಅದೇ ಮೊದಲು, ಅದೂ ನನ್ನ ಮನೆಯಿಂದಲೇ.

ಮಗ ಮಂಚದ ಮೇಲೆ ಕೂತು ನೋಡುತ್ತಿದ್ದ. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೇ ಸ್ವಲ್ಪ ಸಮಾಧಾನ ಆಗುತ್ತಿತ್ತೇನೋ. ಕೊನೆಯ ಸ್ಕ್ರೂ ಕೈಯಿಂದ ಜಾರಿ, ಉರುಳಿಕೊಂಡು ಅವನ ಕಾಲ ಹತ್ತಿರ ಹೋಯಿತು. ಅವನೇ ಬಗ್ಗಿ ಎತ್ತಿ ನನ್ನ ಕೈಗೆ ಕೊಟ್ಟ. ಏನೂ ಮಾತಾಡಲಿಲ್ಲ.

ಅವನು ಹತ್ತನೇ ಕ್ಲಾಸಿಗೆ ಹೋಗಲು ಶುರುಮಾಡಿ ಮೂರು ವಾರ ಆಗಿತ್ತು. ಹಿಂದಿನ ರಾತ್ರಿ ಎರಡೂವರೆಗೆ ನೀರು ಕುಡಿಯೋಕೆ ಎದ್ದಾಗ ಬಾಗಿಲ ಸಂದಿಯಲ್ಲಿ ಫೋನಿನ ಬೆಳಕು ಕಂಡಿತ್ತು. ತಟ್ಟಿದೆ. ಬೆಳಕು ಆರಿತು, ಬಾಗಿಲು ತೆರೆಯಲಿಲ್ಲ. "ಮಲಗಿದ್ದೀನಪ್ಪ" ಅಂತ ಒಳಗಿಂದ ದನಿ ಬಂತು. ಮಲಗಿದವನು ಹಾಗೆ ಹೇಳುತ್ತಾನಾ? ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಸ್ಕ್ರೂಡ್ರೈವರ್ ಹಿಡಿದುಕೊಂಡು ಅವನ ರೂಮಿಗೆ ಹೋದೆ. ನನ್ನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು, "ರೀ, ಬೇಡ ಕಣ್ರೀ, ವಯಸ್ಸಿಗೆ ಬಂದ ಹುಡುಗ" ಅಂದಳು. ವಯಸ್ಸಿಗೆ ಬಂದಿದ್ದಕ್ಕೇ ಅಲ್ವಾ ಬಿಚ್ಚುತ್ತಿರೋದು ಅಂತ ನಾನು ಜೋರು ಮಾಡಿದೆ.

ಅದು ಎಷ್ಟು ದೊಡ್ಡ ಪೆದ್ದತನ ಅಂತ ಗೊತ್ತಾಗಲು ಆರು ತಿಂಗಳು ಬೇಕಾಯಿತು. ಆ ಆರು ತಿಂಗಳ ಕಥೆಯನ್ನೇ ಬರೆಯುತ್ತಿದ್ದೇನೆ.

ಏಳನೇ ಕ್ಲಾಸಿನವರೆಗೂ ಅವನು ಹೀಗಿರಲಿಲ್ಲ. ಶನಿವಾರ ಸ್ಕೂಲು ಬಿಟ್ಟ ಕೂಡಲೇ ಅಂಗಡಿಗೆ ಬರುತ್ತಿದ್ದ. ಕೌಂಟರ್ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು ಬಲ್ಬ್ ಚೆಕ್ ಮಾಡಿ ಕೊಡುತ್ತಿದ್ದ, ಎಂಸಿಬಿ ಯಾಕೆ ಟ್ರಿಪ್ ಆಗುತ್ತೆ, ಫ್ಯಾನಿಗೆ ಕೆಪಾಸಿಟರ್ ಯಾಕೆ ಬೇಕು ಅಂತ ತಲೆ ತಿನ್ನುತ್ತಿದ್ದ. ಮಳೆಗಾಲದಲ್ಲಿ ನಮ್ಮಿಬ್ಬರದೂ ಒಂದು ಕಾರ್ಯಕ್ರಮ ಇರುತ್ತಿತ್ತು. ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯಲ್ಲಿ ಒಂದು ಕಲ್ಲಿನ ಮಂಟಪ ಇದೆ. ಮಲೆನಾಡಲ್ಲಿ ಮಳೆ ಜೋರಾಗಿ, ಗಾಜನೂರು ಡ್ಯಾಮಿನಿಂದ ನೀರು ಬಿಟ್ಟರೆ ಅದು ಮುಳುಗುತ್ತದೆ. ಮಂಟಪ ಮುಳುಗಿತು ಅಂದರೆ ಆ ವರ್ಷ ಮಳೆ ಚೆನ್ನಾಗಿ ಆಯಿತು ಅಂತ ನಮ್ಮೂರಿನ ಲೆಕ್ಕ. ಸುದ್ದಿ ಬಂದ ಕೂಡಲೇ ಅರ್ಧ ಊರು ಕೊಡೆ ಹಿಡಿದು ನೋಡೋಕೆ ಹೋಗುತ್ತದೆ. ನಾವೂ ಹೋಗುತ್ತಿದ್ದೆವು. ಇನ್ನೆಷ್ಟು ಮುಳುಗಬೇಕು, ಒಂದು ಅಡಿಯಾ ಎರಡು ಅಡಿಯಾ ಅಂತ ಇಬ್ಬರೂ ಪಂಥ ಕಟ್ಟುತ್ತಿದ್ದೆವು.

ಎಂಟನೇ ಕ್ಲಾಸಲ್ಲಿ ಗಂಟಲು ಒಡೆಯಿತು. ಒಂದೇ ವರ್ಷದಲ್ಲಿ ಪ್ಯಾಂಟೆಲ್ಲ ಮೊಳಕಾಲಿಗೆ ಬಂದವು. ಮುಖದ ತುಂಬ ಮೊಡವೆ. ಸ್ನಾನಕ್ಕೆ ಹೋದರೆ ಮುಕ್ಕಾಲು ಗಂಟೆ, ಇಲ್ಲಾಂದ್ರೆ ಎರಡು ದಿನ ಸ್ನಾನವೇ ಇಲ್ಲ. ಏನು ಕೇಳಿದರೂ ಮೂರೇ ಉತ್ತರ: "ಏನಿಲ್ಲ", "ಗೊತ್ತಿಲ್ಲ", "ಬಿಡು". ಅಂಗಡಿಗೆ ಬರೋದು ನಿಂತುಹೋಯಿತು. ಇದೆಲ್ಲ ವಯಸ್ಸಿನ ಗುಣ ಅಂತ ನಾನೂ ಸುಮ್ಮನಿದ್ದೆ. ಆದರೆ ಹತ್ತನೇ ಕ್ಲಾಸು ಅಂದ ಕೂಡಲೇ ನಮ್ಮಂಥ ಮನೆಗಳಲ್ಲಿ ಗಾಳಿಯೇ ಬದಲಾಗುತ್ತದೆ ನೋಡಿ. 625ಕ್ಕೆ ಎಷ್ಟು ತೆಗೀತಾನೆ ಅನ್ನೋದು ನೆಂಟರಿಗೆ, ಗಿರಾಕಿಗಳಿಗೆ, ಹಾಲು ಹಾಕುವವನಿಗೂ ಬೇಕು.

ಚಿಲಕ ಬಿಚ್ಚಿದ್ದರಿಂದ ಆಗಿದ್ದು ಇಷ್ಟು. ಅವನು ರೂಮು ಬಿಟ್ಟ. ಊಟ ಆದಮೇಲೆ ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ಹಿಂದೆ ಕೂರುತ್ತಿದ್ದ. ಜೂನ್ ಕೊನೆಯ ಜಿಟಿಜಿಟಿ ಮಳೆಯಲ್ಲಿ ತಲೆ ಮೇಲೆ ಟವೆಲ್ ಹಾಕಿಕೊಂಡು ಫೋನು ನೋಡುತ್ತಿದ್ದ. ಮೊದಲು ಬಾಗಿಲ ಸಂದಿಯಲ್ಲಾದರೂ ಬೆಳಕು ಕಾಣುತ್ತಿತ್ತು, ಈಗ ಅದೂ ಇಲ್ಲ. ಅಕ್ಕಪಕ್ಕದ ಮನೆಯವರು ಮಾತ್ರ, "ನಿಮ್ಮ ಹುಡುಗ ರಾತ್ರಿ ಮೇಲೆ ಓದ್ತಿರ್ತಾನೆ, ಎಷ್ಟು ಶ್ರದ್ಧೆ" ಅಂತ ಹೊಗಳಿದರು.

ನಾನು ಇನ್ನೊಂದು ಕೆಲಸ ಮಾಡಿದೆ. ಬೆಳಗಿನ ಜಾವ ನಾಲ್ಕೂವರೆಗೆ ಎಬ್ಬಿಸಲು ಶುರುಮಾಡಿದೆ. ನಮ್ಮಪ್ಪ ನನ್ನನ್ನು ಹಾಗೇ ಎಬ್ಬಿಸುತ್ತಿದ್ದರು, ಬೆಳಗಿನ ಜಾವ ಓದಿದ್ದು ತಲೆಯಲ್ಲಿ ನಿಲ್ಲುತ್ತೆ ಅನ್ನೋದು ನಮ್ಮ ಮನೆಯ ವೇದವಾಕ್ಯ. ಅವನು ಎದ್ದು ಕೂರುತ್ತಿದ್ದ, ಪುಸ್ತಕ ತೆರೆಯುತ್ತಿದ್ದ, ಐದಕ್ಕೆ ನೋಡಿದರೆ ಸಮಾಜ ಪುಸ್ತಕದ ಮೇಲೆ ಜೊಲ್ಲು ಸುರಿಸಿಕೊಂಡು ನಿದ್ದೆ ಹೊಡೆಯುತ್ತಿದ್ದ. ಮತ್ತೆ ಎಬ್ಬಿಸುತ್ತಿದ್ದೆ. ಹೀಗೆ ದಿನ ಬೆಳಗಾದರೆ ಜಗಳ.

ಜುಲೈನಲ್ಲಿ ಮಂಟಪ ಮುಳುಗಿತು. ಅಂಗಡಿಯಲ್ಲಿ ಯಾರೋ ಗಿರಾಕಿ ಹೇಳಿದರು. ಸಂಜೆ ಬೇಗ ಶಟರ್ ಎಳೆದು ಮನೆಗೆ ಹೋಗಿ, "ಬಾರೋ, ಹೋಗೋಣ" ಅಂದೆ. "ನಾನು ನೋಡಿ ಬಂದೆ" ಅಂದ. ಯಾರ ಜೊತೆ ಅಂತ ಕೇಳಿದೆ. "ಒಬ್ನೇ." ಎಷ್ಟೊತ್ತಿಗೆ ಅಂತ ಕೇಳಿದೆ. ಮಾತಿಲ್ಲ. ಆ ಹೊತ್ತಲ್ಲಿ ಅವನು ಟ್ಯೂಷನ್‌ನಲ್ಲಿ ಇರಬೇಕಿತ್ತು. ಮರುದಿನ ಟ್ಯೂಷನ್ ಮೇಷ್ಟ್ರಿಗೆ ಫೋನ್ ಮಾಡಿದರೆ, "ಹುಷಾರಿಲ್ಲ ಅಂತ ಹೇಳಿದ್ದ ಸಾರ್, ಹನ್ನೊಂದು ದಿನದಿಂದ ಬಂದಿಲ್ಲ" ಅಂದರು. ಹನ್ನೊಂದು ದಿನ ಹುಡುಗ ದಿನಾ ಬ್ಯಾಗ್ ಹಾಕಿಕೊಂಡು ಹೊರಟು, ಒಂದೂವರೆ ಗಂಟೆ ಹೊಳೆ ದಂಡೆಯಲ್ಲಿ ಕೂತು ವಾಪಸ್ ಬಂದಿದ್ದಾನೆ.

ಹೊಡೆದೆ. ಮುಚ್ಚಿಟ್ಟು ಬರೆದರೆ ಇದನ್ನೆಲ್ಲ ಬರೆದು ಏನು ಪ್ರಯೋಜನ? ಒಂದೇ ಏಟು, ಕೆನ್ನೆಗೆ. ನನ್ನಷ್ಟೇ ಎತ್ತರ ಇರುವ ಹುಡುಗನಿಗೆ ಹೊಡೆಯಲು ಕೈಯನ್ನು ಮೇಲೆತ್ತಬೇಕಾಗುತ್ತದೆ, ಅದು ಆಗಲೇ ಗೊತ್ತಾಗಿದ್ದು. ಒಳಗೆ ಮಂಚದ ಮೇಲಿದ್ದ ಅಮ್ಮ ಎದ್ದು ಬಂದು ನಮ್ಮಿಬ್ಬರ ಮಧ್ಯೆ ನಿಂತರು. ಅವರಿಗೆ 78. "ಇವನು ಟ್ಯೂಷನ್ ತಪ್ಪಿಸಿ ಹೊಳೆ ಹತ್ರ ಹೋದ, ಅಷ್ಟೇ ಅಲ್ವಾ? ನೀನು ಹದಿನಾರನೇ ವರ್ಷದಲ್ಲಿ ಹೇಳದೆ ಕೇಳದೆ ತೀರ್ಥಹಳ್ಳಿ ಎಳ್ಳಮಾವಾಸ್ಯೆ ಜಾತ್ರೆಗೆ ಹೋಗಿ ಎರಡು ದಿನ ಬರಲಿಲ್ಲ. ನಿಮ್ಮಪ್ಪ ಬಾವಿಯೆಲ್ಲ ಇಣುಕಿ ನೋಡಿ ಬಂದಿದ್ರು" ಅಂದುಬಿಟ್ಟರು, ಅವನ ಎದುರಿಗೇ. ಮೂವತ್ತು ವರ್ಷ ಯಾರೂ ಎತ್ತದ ಮಾತು. ಮಗ ಕೆನ್ನೆ ಹಿಡಿದುಕೊಂಡೇ ನನ್ನ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿಗಿಂತ ಆಶ್ಚರ್ಯ ಜಾಸ್ತಿ ಇತ್ತು.

ಅದಾಗಿ ಒಂದು ತಿಂಗಳಿಗೆ ಸ್ಕೂಟರ್ ಪ್ರಸಂಗ. ಅಂಗಡಿಯಲ್ಲಿ ರಶ್ ಇತ್ತು, ಕೆಲಸದ ಹುಡುಗ ರಜೆ ಹಾಕಿದ್ದ, ಗಿರಾಕಿಯೊಬ್ಬರಿಗೆ ಎರಡು ಕಾಯಿಲ್ ವೈರ್ ಅರ್ಜೆಂಟಾಗಿ ಬೇಕಿತ್ತು. ಮಗನಿಗೆ ಫೋನ್ ಮಾಡಿ ಅಂಗಡಿಗೆ ಕರೆಸಿ, ಸ್ಕೂಟರ್ ಕೀ ಕೊಟ್ಟು, "ಒಳದಾರಿಯಲ್ಲಿ ಹೋಗಿ ಕೊಟ್ಟು ಬಾ" ಅಂದೆ. ಅವನಿಗೆ 15 ವರ್ಷ. ಅವನು ಮೇನ್ ರೋಡಲ್ಲೇ ಹೋದ, ಸರ್ಕಲ್ಲಲ್ಲಿ ಪೊಲೀಸರು ಹಿಡಿದರು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆದಮೇಲೆ ಚಿಕ್ಕ ಮಕ್ಕಳು ಗಾಡಿ ಓಡಿಸಿದರೆ ಅಪ್ಪ ಅಮ್ಮನೋ ಗಾಡಿ ಮಾಲೀಕನೋ ತಪ್ಪಿತಸ್ಥ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲಿಗೂ ಅವಕಾಶ ಇದೆ, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗದ ಹಾಗೂ ಆಗಬಹುದು. ಪೇಪರಲ್ಲಿ ಓದಿದ್ದೆ. ಅದು ಬೇರೆಯವರ ಮನೆ ಸುದ್ದಿ ಅಂದುಕೊಂಡಿದ್ದೆ. ನಮ್ಮದು ಕೋರ್ಟಿನಲ್ಲಿ ದಂಡ ಕಟ್ಟುವುದರಲ್ಲಿ ಮುಗಿಯಿತು. ಆ ತಿಂಗಳ ದುಡಿಮೆ ಪೂರ್ತಿ ಅಲ್ಲಿಗೇ ಹೋಯಿತು.

ಮನೆಗೆ ಬಂದು ಅವನ ಮೇಲೆ ಹಾರಾಡಿದೆ. ಒಳದಾರಿಯಲ್ಲಿ ಹೋಗು ಅಂದಿರಲಿಲ್ವಾ, ನಿನಗೆ ಬುದ್ಧಿ ಇಲ್ವಾ, ನಾಳೆ ಲೈಸೆನ್ಸ್ ಸಿಗದೇ ಇದ್ರೆ ಏನೋ ಮಾಡ್ತೀಯ ಅಂತ. ಅವನು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ.

"ಕೀ ಕೊಟ್ಟೋನು ನೀನೇ ಅಲ್ವಾಪ್ಪ."

ಇದಕ್ಕೆ ಏನು ಉತ್ತರ ಇದೆ ಹೇಳಿ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗೆ ಬೇಕಾದಾಗ ಅವನು ದೊಡ್ಡವನು, ಅವನಿಗೆ ಬೇಕಾದಾಗ ಚಿಕ್ಕವನು. ಗಾಡಿ ಕೊಡುವಾಗ ನಂಬಿಕೆ ಇತ್ತು, ಬಾಗಿಲು ಹಾಕಿಕೊಳ್ಳಲು ಮಾತ್ರ ಇರಲಿಲ್ಲ.

ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಗಣಿತಕ್ಕೆ 80ಕ್ಕೆ 19 ಬಂತು. ಊಟ ಅರ್ಧಕ್ಕೆ ಬಿಡುತ್ತಿದ್ದ. ಕಣ್ಣ ಕೆಳಗೆ ಕಪ್ಪು. ಒಂದು ದಿನ ಮಗಳು, ಅವಳಿಗೆ 12, ಅಂಗಡಿಗೆ ಬುತ್ತಿ ತಂದವಳು ಹೋಗುವಾಗ ಬಾಗಿಲಲ್ಲಿ ನಿಂತು, "ಅಪ್ಪಾ, ಅಣ್ಣ ರಾತ್ರಿ ಅಳ್ತಾನೆ. ನಾನು ಹೇಳ್ದೆ ಅಂತ ಹೇಳ್ಬೇಡ" ಅಂದಳು.

ಅವತ್ತು ಒಂಬತ್ತಕ್ಕೆ ಶಟರ್ ಅರ್ಧ ಎಳೆದು ಒಳಗೆ ಕೂತು 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟಕ್ಕೆ ಇರುವ ಸಹಾಯವಾಣಿ, 2022ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ್ದು, ದಿನದ ಯಾವ ಹೊತ್ತಲ್ಲಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರ್ ಎಲ್ಲೋ ಆಸ್ಪತ್ರೆಯ ಗೋಡೆ ಮೇಲೆ ನೋಡಿ ಬರೆದಿಟ್ಟುಕೊಂಡಿದ್ದೆ. ಹುಡುಗನ ಬಗ್ಗೆ ಹೇಳಲು ಶುರುಮಾಡಿದರೆ ನನ್ನ ದನಿಯೇ ಒಡೆಯಿತು. ಆ ಕಡೆಯ ಹೆಣ್ಣುಮಗಳು ಸ್ವಲ್ಪ ಹೊತ್ತು ಬಿಟ್ಟು, "ನಿಮಗೆ ಸರಿಯಾಗಿ ನಿದ್ದೆ ಬರ್ತಿದೆಯಾ ಸರ್?" ಅಂತ ಕೇಳಿದರು. ನನ್ನನ್ನು! ಹದಿನೈದು ನಿಮಿಷ ಮಾತಾಡಿದೆವು. ಹುಡುಗ ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಮಾತಾಡಿದ್ದಾನಾ ಅಂತ ನೇರವಾಗಿಯೇ ಕೇಳಿದರು. ಇಲ್ಲ ಅಂದೆ. ಅಂಥದ್ದೇನಾದರೂ ಕಂಡರೆ ಒಂದು ನಿಮಿಷವೂ ಕಾಯಬೇಡಿ, ಇಲ್ಲದಿದ್ದರೂ ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆ ಅಂತಲೇ ಇರುವ ಸ್ನೇಹ ಕ್ಲಿನಿಕ್‌ಗೆ ಕರೆದುಕೊಂಡು ಹೋಗಿ ಅಂದರು. ಹತ್ತರಿಂದ ಹತ್ತೊಂಬತ್ತು ವರ್ಷದವರಿಗೆ ಅಂತ ಸರ್ಕಾರದ ಕಾರ್ಯಕ್ರಮವೇ ಇದೆಯಂತೆ, 2014ರಿಂದ. ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ಕರೆದುಕೊಂಡು ಹೋಗೋದು ಸುಲಭ ಆಗಲಿಲ್ಲ. "ನಾನೇನು ಹುಚ್ಚನಾ?" ಅಂದ. ನಾನು, "ನಿನಗಲ್ಲ ಕಣೋ, ನನಗೆ. ನಿನ್ನ ಹತ್ರ ಹೇಗೆ ಮಾತಾಡೋದು ಅಂತ ನನಗೇ ಗೊತ್ತಾಗ್ತಿಲ್ಲ, ಜೊತೆಗೆ ಬಾ" ಅಂದೆ. ಸುಳ್ಳೇನಲ್ಲ. ಬಂದ.

ಕೌನ್ಸೆಲರ್ ಮೇಡಂ ಮೊದಲು ನನ್ನನ್ನೇ ಹೊರಗೆ ಕಳಿಸಿದರು. ನಲವತ್ತು ನಿಮಿಷ ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಆಮೇಲೆ ಒಳಗೆ ಕರೆದಾಗ, ಏನು ಹೇಳಿದ ಮೇಡಂ ಅಂತ ಕೇಳಿದೆ. "ಅದು ಅವನದು ಸರ್, ಅವನೇ ಹೇಳ್ಬೇಕು. ಪ್ರಾಣಕ್ಕೆ ಅಪಾಯ ಅನ್ನೋ ಥರದ್ದಿದ್ರೆ ಮಾತ್ರ ನಾನು ಹೇಳ್ತೀನಿ, ಅಂಥದ್ದಿಲ್ಲ" ಅಂದರು. ನನಗೆ ಸಿಟ್ಟು ಬಂತು. ಅಪ್ಪನಿಗೆ ಹೇಳದೇ ಇರೋ ಗುಟ್ಟು ಯಾವುದು? ಅವರು ಅದಕ್ಕೆ ತಲೆಕೆಡಿಸಿಕೊಳ್ಳದೆ ನಿದ್ದೆಯ ವಿಷಯಕ್ಕೆ ಬಂದರು. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಹಾರ್ಮೋನು ರಾತ್ರಿ ಒಂದೆರಡು ಗಂಟೆ ತಡವಾಗಿ ಏರುತ್ತದಂತೆ. ಬೇಗ ಮಲಗು ಅಂದರೂ ದೇಹ ಒಪ್ಪಲ್ಲ. ನಿದ್ದೆ ಮಾತ್ರ ಎಂಟರಿಂದ ಹತ್ತು ಗಂಟೆ ಬೇಕು. "ನೀವು ನಾಲ್ಕೂವರೆಗೆ ಎಬ್ಬಿಸಿದ್ರೆ ಅವನಿಗೆ ಅದು ನಟ್ಟಿರುಳು" ಅಂದರು. ಫೋನಿನ ಬೆಳಕು ಅದನ್ನು ಇನ್ನೂ ಹಾಳು ಮಾಡುತ್ತದೆ, ಆದರೆ ಬರೀ ಫೋನಿನದ್ದೇ ತಪ್ಪಲ್ಲ. ತಲೆಯಲ್ಲಿ ಮುಂದಾಲೋಚನೆ ಮಾಡುವ ಭಾಗ 25ರ ಆಸುಪಾಸಿನವರೆಗೂ ಬಲಿಯುತ್ತಾ ಇರುತ್ತದೆ ಅಂತಲೂ ಹೇಳಿದರು. ನನಗೆ 46, ಬಲಿತಿದೆಯೋ ಇಲ್ಲವೋ ಅಂತ ನನಗೇ ಅನುಮಾನ ಬಂತು.

ಕೊನೆಗೆ ನನಗೊಂದು ಹೋಂವರ್ಕ್ ಕೊಟ್ಟರು. "ನಾಳೆ ಒಂದು ದಿನ ಅವನಿಗೆ ಎಷ್ಟು ಪ್ರಶ್ನೆ ಕೇಳ್ತೀರಿ, ಲೆಕ್ಕ ಇಡಿ."

ಅಂಗಡಿಯ ಎಸ್ಟಿಮೇಟ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಗೀಟು ಹಾಕಿದೆ, ನಾಲ್ಕು ಗೀಟಿಗೊಂದು ಅಡ್ಡಗೀಟು. ಆ ಹಾಳೆ ಇನ್ನೂ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟು ರಾತ್ರಿ ಒಂಬತ್ತೂವರೆಗೆ ಬರುವವನು ನಾನು. ಮಗ ಕಣ್ಣಿಗೆ ಬೀಳೋದೇ ದಿನಕ್ಕೆ ಒಂದೂವರೆ ಗಂಟೆ. ಅಷ್ಟರಲ್ಲಿ 27 ಪ್ರಶ್ನೆ. ಎದ್ದೆಯಾ? ಹಲ್ಲುಜ್ಜಿದೆಯಾ? ತಲೆಗೆ ಎಣ್ಣೆ ಯಾಕೆ ಹಚ್ಚಿಲ್ಲ? ಟೆಸ್ಟ್ ಯಾವತ್ತು? ಕೊಟ್ಟರಾ? ಎಷ್ಟು ಬಂತು? ಮಿಕ್ಕಿದ್ದು ಯಾಕೆ ಹೋಯ್ತು? ಯಾರ ಫೋನು? ಅನ್ನ ಯಾಕೆ ಬಿಟ್ಟೆ? ಪೊಲೀಸ್ ಸ್ಟೇಷನ್ನಲ್ಲೂ ಇಷ್ಟು ಕೇಳಲ್ಲ. ಇಪ್ಪತ್ತೇಳರಲ್ಲಿ ಒಂದೇ ಒಂದು ಪ್ರಶ್ನೆ ಬೇರೆ ಥರದ್ದು: ಮ್ಯಾಚ್ ಏನಾಯ್ತೋ? ಅದಕ್ಕೆ ಅವನು ಐದು ನಿಮಿಷ ಉತ್ತರ ಕೊಟ್ಟಿದ್ದ, ಕೊನೆಯ ಓವರಿನ ಬಾಲ್ ಬಾಲೂ ಬಿಡದೆ. ಉಳಿದ 26ಕ್ಕೂ ಸೇರಿ ಹತ್ತು ಪದ ಆಡಿರಲಿಲ್ಲ. ಹೆಂಡತಿಗೂ ಲೆಕ್ಕ ಇಡು ಅಂದೆ. ಅವಳು ಮಧ್ಯಾಹ್ನಕ್ಕೇ ಎಣಿಸೋದು ಬಿಟ್ಟಳು.

ಅಲ್ಲಿಂದ ಎರಡು ಬದಲಾವಣೆ ಮಾಡಿದೆವು. ನಾಲ್ಕೂವರೆ ಅಲಾರಂ ಹೋಯಿತು. ರಾತ್ರಿ ಹನ್ನೊಂದರವರೆಗೆ ಓದಲಿ, ಆರೂ ಮುಕ್ಕಾಲಿಗೆ ಏಳಲಿ ಅಂತ. ಎಂಟು ಗಂಟೆ ನಿದ್ದೆ ಪೂರ್ತಿ ಆಗಲಿಲ್ಲ ನಿಜ, ಏಳೂವರೆ ಆದರೂ ಆಯಿತು. ಇನ್ನೊಂದು, ನಾನು ಬಾಯಿ ಮುಚ್ಚಿಕೊಳ್ಳೋದು. ಇದು ಕಷ್ಟ. ಹದಿನೈದು ವರ್ಷದ ಅಭ್ಯಾಸ. ನಾಲಿಗೆ ತುದಿಗೆ ಬಂದ ಪ್ರಶ್ನೆಯನ್ನು ನುಂಗುವಾಗ ಗಂಟಲಲ್ಲಿ ಮಾತ್ರೆ ಸಿಕ್ಕಿಕೊಂಡ ಹಾಗಾಗುತ್ತಿತ್ತು.

ರಾತ್ರಿ ಹನ್ನೊಂದಕ್ಕೆ ಅವನಿಗೆ ಹಸಿವಾಗುತ್ತದೆ ಅಂತ ನನಗೆ ಗೊತ್ತಾಗಿದ್ದೂ ಆವಾಗಲೇ. ಅಡುಗೆಮನೆಯಲ್ಲಿ ಚಕ್ಕುಲಿ ಡಬ್ಬಿಯ ಮುಚ್ಚಳ ಸದ್ದಾಗದ ಹಾಗೆ ತೆಗೆಯುವ ಸದ್ದು. ಒಂದು ದಿನ ಎದ್ದು ಹೋದೆ. ಅವನು ಬೆಚ್ಚಿಬಿದ್ದ. ನಾನು ಏನೂ ಕೇಳದೆ ತೆಳು ಅವಲಕ್ಕಿಗೆ ಮೊಸರು, ಉಪ್ಪು ಹಾಕಿ ಕಲಸಿ, ಎರಡು ತಟ್ಟೆಗೆ ಹಾಕಿ, ಒಂದೊಂದು ಮಾವಿನ ಮಿಡಿ ಇಟ್ಟೆ. ಇಬ್ಬರೂ ಅಡುಗೆಮನೆ ಕಟ್ಟೆಗೆ ಒರಗಿ ನಿಂತು ತಿಂದೆವು. ತಿಂದಾದ ಮೇಲೆ ತಟ್ಟೆ ತೊಳೆದಿಟ್ಟು ಹೋದ. ಮರುದಿನವೂ ಹಾಗೇ. ಒಂದು ವಾರ ಬರೀ ಅವಲಕ್ಕಿ. ಮಿಡಿ ಕಚ್ಚುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಇದರಿಂದ ಏನಾಗುತ್ತೆ, ನನ್ನ ಹೊಟ್ಟೆ ಬೆಳೆಯುತ್ತೆ ಅಷ್ಟೇ ಅಂದುಕೊಂಡೆ.

ಎಂಟನೇ ದಿನವೋ ಒಂಬತ್ತನೇ ದಿನವೋ, ತಟ್ಟೆ ನೋಡಿಕೊಂಡೇ ಕೇಳಿದ. "ಅಪ್ಪ, ಸ್ಕೂಲಲ್ಲಿ ನಿನಗೆ ಅಡ್ಡಹೆಸರು ಇತ್ತಾ?"

"ಬೋಂಡ" ಅಂದೆ.

ನಕ್ಕ. ಎಷ್ಟು ತಿಂಗಳ ಮೇಲೆ ನಕ್ಕಿದ್ದು! ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ತೆಗೆದು ತೋರಿಸಿದ.

ಒಂದು ವಾಟ್ಸಾಪ್ ಸ್ಟಿಕ್ಕರ್. ಒಂಬತ್ತನೇ ಕ್ಲಾಸಿನ ವಾರ್ಷಿಕೋತ್ಸವದಲ್ಲಿ ಅವನು ಭಾವಗೀತೆ ಹಾಡುವಾಗ ಗಂಟಲು ಒಡೆದು ದನಿ ಎಲ್ಲೆಲ್ಲೋ ಹೋಗಿತ್ತು. ನಾವು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಮರೆತಿದ್ದೆವು. ಆ ಹೊತ್ತಿನ ಫೋಟೋ, ಬಾಯಿ ಪೂರ್ತಿ ತೆರೆದಿದೆ, ಮೊಡವೆಗಳಿಗೆ ಒಂದೊಂದಕ್ಕೂ ಕೆಂಪು ವೃತ್ತ, ಕೆಳಗೆ 'ಕಪ್ಪೆ' ಅಂತ ಬರೆದಿದ್ದಾರೆ. ಕ್ಲಾಸಿನ ಗುಂಪಲ್ಲಿ ಯಾವ ಮಾತು ಬಂದರೂ ಯಾರಾದರೂ ಒಬ್ಬ ಅದನ್ನು ಹಾಕುತ್ತಿದ್ದ. ಟ್ಯೂಷನ್‌ಗೂ ಅದೇ ಹುಡುಗರು. ಇವನು ಒಳಗೆ ಬಂದರೆ ಹಿಂದಿನ ಬೆಂಚಿಂದ ವಟರ್ ವಟರ್ ಅನ್ನುತ್ತಿದ್ದರಂತೆ.

"ಮತ್ತೆ ರಾತ್ರಿಯೆಲ್ಲ ಅದನ್ನೇ ನೋಡ್ತಾ ಕೂತಿದ್ದೆಯಲ್ಲೋ" ಅಂದೆ. ಪ್ರಶ್ನೆ ಅಲ್ಲ ಅಂದುಕೊಂಡು ಕೇಳಿದ್ದು.

"ರಾತ್ರಿ ಏನೇನೋ ಹಾಕ್ತಾರೆ. ಬೆಳಿಗ್ಗೆ ಹೋದ ತಕ್ಷಣ ಎಲ್ಲರೂ ನಗ್ತಾರೆ. ಯಾಕೆ ನಗ್ತಿದ್ದಾರೆ ಅಂತ ನನಗೆ ಗೊತ್ತಿರ್ಬೇಕಲ್ಲ."

ಕೈಯಲ್ಲಿದ್ದ ಅವಲಕ್ಕಿ ಕೈಯಲ್ಲೇ ಉಳಿಯಿತು. ನಾನು ಏನೇನೋ ಊಹೆ ಮಾಡಿದ್ದೆ. ಕೆಟ್ಟ ವಿಡಿಯೋ, ಯಾವುದೋ ಹುಡುಗಿ, ಆನ್‌ಲೈನ್ ಆಟದಲ್ಲಿ ದುಡ್ಡು. ಅವನು ತನ್ನನ್ನು ಕಾಯ್ದುಕೊಳ್ಳಲು ಎದ್ದಿರುತ್ತಿದ್ದ. ಅಳಬೇಕು ಅನಿಸಿದಾಗ ಹಾಕಿಕೊಳ್ಳಲು ಇದ್ದ ಒಂದು ಚಿಲಕವನ್ನು ನಾನು ಬಿಚ್ಚಿ ಚ್ಯವನಪ್ರಾಶದ ಡಬ್ಬಿಯಲ್ಲಿ ಹಾಕಿಟ್ಟಿದ್ದೆ.

"ಸ್ಕೂಲಿಗೆ ಬಂದು ಗಲಾಟೆ ಮಾಡ್ಬೇಡ" ಅಂದ. ಮಾತು ಕೊಟ್ಟೆ. ಆದರೆ ತಪ್ಪಾಗಿದ್ದು ಬೇರೆ ಕಡೆ. ಹೆಂಡತಿಗೆ ಹೇಳಿದೆ, ಅವಳಿಗೆ ತಡೆಯಲಾಗಲಿಲ್ಲ, ಸ್ಟಿಕ್ಕರ್ ಮಾಡಿದ ಹುಡುಗನ ಅಮ್ಮನಿಗೆ ಫೋನ್ ಮಾಡಿ ಬೈದಳು. ಮರುದಿನ ಸ್ಕೂಲಲ್ಲಿ ಇವನಿಗೆ 'ಅಮ್ಮನ ಕಪ್ಪೆ' ಅಂತ ಹೊಸ ಹೆಸರು. ಹದಿನೈದು ದಿನ ಅಡುಗೆಮನೆಗೆ ಬರಲೇ ಇಲ್ಲ. ನಾನು ಮಾತ್ರ ಹನ್ನೊಂದಕ್ಕೆ ಎರಡು ತಟ್ಟೆ ಕಲಸಿ ಒಂದು ತಿಂದು ಇನ್ನೊಂದನ್ನು ಮುಚ್ಚಿಡುತ್ತಿದ್ದೆ. ಬೆಳಿಗ್ಗೆ ನೋಡಿದರೆ ಒಂದೊಂದು ದಿನ ಖಾಲಿ ಆಗಿರುತ್ತಿತ್ತು, ಒಂದೊಂದು ದಿನ ಹಾಗೇ ಇರುತ್ತಿತ್ತು. ಆಮೇಲೆ ಅವರಮ್ಮ ಅವನ ಪಕ್ಕ ಕೂತು, "ತಪ್ಪಾಯ್ತು ಕಣೋ, ನಿನ್ನನ್ನ ಕೇಳದೆ ಮಾಡಿದೆ" ಅಂದಳು. ನಮ್ಮ ಮನೆಯಲ್ಲಿ ದೊಡ್ಡವರು ಚಿಕ್ಕವರಿಗೆ ಹಾಗೆ ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ನಾನೂ ಹೊಡೆದಿದ್ದಕ್ಕೆ ಹೇಳಬೇಕಿತ್ತು. ಹೇಳಿದೆ, ಆದರೆ ಇನ್ನೂ ಒಂದು ವಾರ ತಡವಾಗಿ, ಅದೂ ಬೇರೆ ಕಡೆ ನೋಡಿಕೊಂಡು.

ಮುಂದಿನದ್ದನ್ನು ಅವನೇ ಮಾಡಿಕೊಂಡ. ಮೇಡಂ ಹತ್ತಿರ ಇನ್ನೂ ಮೂರು ಸಲ ಹೋದ, ಕೊನೆಯ ಸಲ ಒಬ್ಬನೇ, ಸೈಕಲ್ಲಲ್ಲಿ. ಕ್ಲಾಸಿನ ಗುಂಪಿನಿಂದ ಹೊರಗೆ ಬಂದ. ಹೋಂವರ್ಕ್ ಬೇಕಾದರೆ ಇಬ್ಬರು ಗೆಳೆಯರಿಗೆ ಫೋನ್ ಮಾಡುತ್ತಿದ್ದ. ಟ್ಯೂಷನ್ ಬದಲಾಯಿಸಿದೆವು, ಪಕ್ಕದ ಬೀದಿಯ ರಿಟೈರ್ಡ್ ಮೇಷ್ಟ್ರು, ನಾಲ್ಕೇ ಹುಡುಗರು. ಕ್ಲಾಸ್ ಟೀಚರಿಗೆ ವಿಷಯ ಹೇಳೋದು ಬಿಡೋದು ಅವನಿಗೇ ಬಿಟ್ಟೆವು. ಹೇಳಿದನಾ ಇಲ್ವಾ ಇವತ್ತಿಗೂ ಗೊತ್ತಿಲ್ಲ. ಸ್ಟಿಕ್ಕರ್ ನಿಂತಿತಾ? ಪೂರ್ತಿ ನಿಲ್ಲಲಿಲ್ಲ ಅನಿಸುತ್ತೆ. ಹುಡುಗರಿಗೆ ಡಿಸೆಂಬರ್ ಹೊತ್ತಿಗೆ ಬೇರೆ ಯಾರೋ ಸಿಕ್ಕರು. ಅದನ್ನು ನೆನೆದರೆ ಖುಷಿಪಡುವ ಹಾಗೂ ಇಲ್ಲ.

ಡಿಸೆಂಬರಿನ ಒಂದು ಭಾನುವಾರ ಚ್ಯವನಪ್ರಾಶದ ಡಬ್ಬಿ ತೆಗೆದೆ. ಮಗನನ್ನು ಕರೆದೆ. ಬೋಲ್ಟ್ ಇಟ್ಟು ಸ್ಕ್ರೂ ತಿರುಗಿಸಿದರೆ ಹಿಡಿಯುತ್ತಲೇ ಇಲ್ಲ, ಬಿಚ್ಚುವಾಗ ಸಿಟ್ಟಲ್ಲಿ ಎಳೆದು ತೂತು ದೊಡ್ಡದು ಮಾಡಿಬಿಟ್ಟಿದ್ದೆ. ಬೋಲ್ಟು ಒಂದಿಂಚು ಮೇಲೆ ಹಾಕಬಹುದಿತ್ತು, ಆದರೆ ಹಳೇ ತೂತು ಕಾಣುತ್ತದೆ. ಬೆಂಕಿಕಡ್ಡಿಗೆ ಫೆವಿಕಾಲ್ ಹಚ್ಚಿ ತೂತಿಗೆ ತುಂಬಿ, ಮೂತಿ ಮುರಿದು, ಒಣಗಲು ಬಿಟ್ಟು ಆಮೇಲೆ ಸ್ಕ್ರೂ ಹಾಕಬೇಕು, ಮರದ ಕೆಲಸದವರು ಹಾಗೇ ಮಾಡೋದು. ಪ್ರತಿ ತೂತಿಗೂ ಎರಡೆರಡು ಕಡ್ಡಿ. ಅವನು ಟಾರ್ಚ್ ಹಿಡಿದಿದ್ದ. ಕೊನೆಯ ಎರಡು ಸ್ಕ್ರೂ ಅವನೇ ಹಾಕಿದ. ಓರೆಯಾಗಿ ಹಾಕಿದ, ನಾನು ಬಾಯಿ ಬಿಡಲಿಲ್ಲ. ಈಗಲೂ ಆ ಚಿಲಕ ಸ್ವಲ್ಪ ಬಿಗಿ. ಎಳೆದರೆ ಕಿರ್ ಅನ್ನುತ್ತದೆ, ಹಾಲಿಗೂ ಕೇಳಿಸುತ್ತದೆ.

ಜೊತೆಗೆ ಒಂದು ಕರಾರು ಆಯಿತು. ರಾತ್ರಿ ಹನ್ನೊಂದೂಕಾಲಿಗೆ ಮನೆಯ ಅಷ್ಟೂ ಫೋನು ಹಾಲಿನ ಸ್ವಿಚ್ ಬೋರ್ಡ್ ಹತ್ತಿರ. ಅಷ್ಟೂ ಅಂದರೆ ನನ್ನದೂ. ಅದನ್ನು ಸೇರಿಸಿದವಳು ಮಗಳು. ಮೊದಲ ವಾರ ಜಾಸ್ತಿ ಸಲ ತಪ್ಪಿದವನು ನಾನೇ. ಡೀಲರ್‌ಗಳ ಗುಂಪಲ್ಲಿ ತಾಮ್ರದ ರೇಟು ಬರುತ್ತೆ, ನೋಡಬೇಕು ಅಂತ ನನ್ನ ನೆಪ. "ನಿನಗೂ ಗುಂಪಲ್ಲಿ ಏನು ಬಂತು ಅಂತ ಗೊತ್ತಿರ್ಬೇಕಲ್ಲಪ್ಪ" ಅಂತ ಮಗ ಅಂದ. ಚುಚ್ಚಿದ್ದೋ ತಮಾಷೆಯೋ ಗೊತ್ತಾಗಲಿಲ್ಲ.

ಪರೀಕ್ಷೆ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. 625ಕ್ಕೆ 398 ಬಂತು, ಗಣಿತಕ್ಕೆ 51. ಈಗ ಅದೇ ವರ್ಷ ಪರೀಕ್ಷೆ-2 ಅಂತ ಮತ್ತೊಂದು ಅವಕಾಶ ಕೊಡುತ್ತಾರಲ್ಲ, ಬೇಕಾದರೆ ಬರೆದು ನಂಬರ್ ಹೆಚ್ಚಿಸಿಕೋ ಅಂದೆ. "ಸಾಕು" ಅಂದ. ನೆಂಟರ ಫೋನುಗಳನ್ನೆಲ್ಲ ಅಮ್ಮನೇ ತೆಗೆದರು, ಕೇಳಿದವರಿಗೆಲ್ಲ "ಪಾಸಾಗಿದ್ದಾನೆ, ಊಟ ಮಾಡಿ ಮಲಗಿದ್ದಾನೆ" ಅಂದರು. ನನಗೆ ಅವನು ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಲಿ ಅಂತ ಆಸೆ ಇತ್ತು. ಕಾಮರ್ಸ್ ತಗೊಂಡ. ಇನ್ನೂ ಸ್ವಲ್ಪ ಬೇಜಾರಿದೆ, ಸುಳ್ಳು ಯಾಕೆ ಹೇಳಲಿ.

ಎಲ್ಲ ಸರಿಹೋಯಿತು ಅಂತಲ್ಲ. ಈಗಲೂ ಜಗಳ ಆಗುತ್ತದೆ. ಹೋದ ತಿಂಗಳು ಕೂದಲಿಗೆ ಅದೇನೋ ಬಣ್ಣ ಹಾಕಿಸಿಕೊಂಡು ಬಂದ, ಮೂರು ದಿನ ಮಾತಿಲ್ಲ. ಮಗಳಿಗೆ 13 ತುಂಬಿದೆ. ಅಜ್ಜಿಯ ಜೊತೆ ಮಲಗುವವಳು, "ನನಗೂ ರೂಮು ಬೇಕು, ಚಿಲಕ ಇರೋದು" ಅಂತ ಶುರುಮಾಡಿದ್ದಾಳೆ.

ಮೊನ್ನೆ ಜುಲೈನಲ್ಲಿ ನಾಲ್ಕು ದಿನ ಬಿಡದೆ ಮಳೆ. ಸಂಜೆ ಅಂಗಡಿಗೆ ಅವನ ಫೋನ್ ಬಂತು. "ಮಂಟಪ ಮುಳುಗಿದೆಯಂತೆ. ಬರ್ತೀಯಾ?" ಶಟರ್ ಎಳೆದು ಓಡಿದೆ. ನಾನು ಸ್ಕೂಟರಲ್ಲಿ, ಅವನು ಸೈಕಲ್ಲಲ್ಲಿ. ಹೊಳೆ ಕೆಂಪಗೆ ಸುತ್ತಿಕೊಂಡು ಹೋಗುತ್ತಿತ್ತು. ಮಂಟಪ ಕಾಣಲೇ ಇಲ್ಲ, ಅದು ಇದ್ದ ಕಡೆ ನೀರು ಸ್ವಲ್ಪ ಉಬ್ಬಿತ್ತು ಅಷ್ಟೇ. ಇಬ್ಬರೂ ಸುಟ್ಟ ಮೆಕ್ಕೆಜೋಳ ತಗೊಂಡೆವು. "ಎರಡು ಅಡಿ ಮೇಲಿದೆ" ಅಂದ. ಒಂದೂವರೆ ಅಂದೆ. ಅಷ್ಟರಲ್ಲಿ ಯಾರೋ ಮೂವರು ಹುಡುಗರು ಬಂದರು, ನಾನು ನೋಡಿರದ ಮುಖಗಳು, ಕಾಲೇಜಿನವರಿರಬೇಕು. ಅವನು ಅರ್ಧ ತಿಂದ ಜೋಳವನ್ನು ನನ್ನ ಕೈಗೆ ಕೊಟ್ಟು, "ಅಪ್ಪ, ನೀನು ಹೋಗಿರು" ಅಂದ.

ಎರಡು ಜೋಳ ಹಿಡಿದುಕೊಂಡು ನಿಂತೆ. ಎಷ್ಟೊತ್ತಿಗೆ ಬರ್ತೀಯ ಅಂತ ಕೇಳಬಾರದು ಅಂದುಕೊಂಡೆ. ಅಂದುಕೊಳ್ಳುತ್ತಲೇ ಕೇಳಿಬಿಟ್ಟೆ.

"ಬರ್ತೀನಿ ಬಿಡಪ್ಪ" ಅಂದ, ತಿರುಗಿ ನೋಡದೆ.